ಏರ್ ರೈಫಲ್ ಕೈಕೊಟ್ಟಾಗ: ಮೊದಲು ದೋಷ ಹಿಡಿಯಿರಿ, ಆಮೇಲೆ ಸ್ಪೇರ್ ಮಾರುವವರನ್ನು ಆರಿಸಿ

ಬಳ್ಳಾರಿಯಲ್ಲಿ ಏರ್ ರೈಫಲ್ ಇಟ್ಟುಕೊಂಡವರಿಗೆ ಒಂದು ಕಷ್ಟ ಮೊದಲಿನಿಂದಲೂ ಇದೆ. ಕೆಟ್ಟರೆ ಬಿಚ್ಚಿ ನೋಡಿ ಇಂಥದ್ದೇ ಹೋಗಿದೆ ಅಂತ ಹೇಳುವವರು ಹತ್ತಿರದಲ್ಲಿ ಸಿಗುವುದು ಕಡಿಮೆ. ಬೆಂಗಳೂರು ಸುಮಾರು ಮುನ್ನೂರು ಕಿಲೋಮೀಟರ್ ದೂರ. ಹಾಗಾಗಿ ಮೊಬೈಲಿನಲ್ಲಿ ಹುಡುಕಿ, ಸಿಕ್ಕವರಿಗೆ ಒಂದು ಮೆಸೇಜ್ ಹಾಕಿ, ದುಡ್ಡು ಕಳಿಸಿ, ಸ್ಪ್ರಿಂಗೋ ವಾಷರೋ ತರಿಸಿಕೊಳ್ಳುತ್ತಾರೆ. ಬಂದದ್ದು ಸರಿಯಾಗಿ ಕೂರುವುದಿಲ್ಲ. ಕೂತರೂ ಒಂದೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಆಗ ದೋಷ ರೈಫಲಿನದೋ, ಹೊಸ ಭಾಗದ್ದೋ, ಬೇರೆ ಮಾಡೆಲ್ಲಿನದನ್ನು ಕಳಿಸಿದ ಅಂಗಡಿಯವರದೋ ಅನ್ನುವುದೇ ಗೊತ್ತಾಗುವುದಿಲ್ಲ.

ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡುವ ದಾರಿ ಇದೆ, ಅದನ್ನೇ ಇಲ್ಲಿ ಬರೆದಿದ್ದೇನೆ. ಹೆಚ್ಚಾಗಿ ಸ್ಪ್ರಿಂಗಿನಿಂದ ನಡೆಯುವ 0.177 ಇಂಚಿನ, ಅಂದರೆ 4.5 ಮಿ.ಮೀ. ಬೋರಿನ ರೈಫಲ್ ಬಗ್ಗೆ. ಸಿಲಿಂಡರಿನಲ್ಲಿ ಮೊದಲೇ ಒತ್ತಡದ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ರೈಫಲ್ ಬಗ್ಗೆ ಸ್ವಲ್ಪ ಇದೆ. ಲೈಸೆನ್ಸ್ ಇರುವ ಬಂದೂಕುಗಳದ್ದು ಬೇರೆ ದಾರಿ, ಅದನ್ನು ಕೊನೆಗೆ ಹೇಳುತ್ತೇನೆ.

ಆರ್ಡರ್ ಮಾಡುವ ಮೊದಲು

ಗುಂಡು ತುಂಬಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬ್ಯಾರಲಿನ ಬಾಯಿ ಯಾವಾಗಲೂ ಯಾರೂ ಇಲ್ಲದ ಕಡೆಗೇ ಇರಲಿ. ಇದು ಎಲ್ಲರಿಗೂ ಗೊತ್ತು, ಆದರೂ ರಿಪೇರಿ ಮಾಡುವಾಗಲೇ ಜನ ಮರೆಯುವುದು.

ಗುರಿ ತಪ್ಪುತ್ತಿದೆ, ನಿನ್ನೆವರೆಗೆ ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತಿದ್ದದ್ದು ಇವತ್ತು ಕೈ ಅಗಲ ಚದುರಿದೆ ಅಂದರೆ, ಮೊದಲು ಸ್ಕ್ರೂ ನೋಡಿ. ಸ್ಟಾಕ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಭಾಗ, ಅದನ್ನು ಹಿಡಿದಿರುವ ಸ್ಕ್ರೂಗಳು ಸ್ಪ್ರಿಂಗ್ ರೈಫಲಿನ ಅದುರಿಗೆ ತಾವಾಗಿಯೇ ಸಡಿಲವಾಗುತ್ತವೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಸಾಮಾನ್ಯವಾದ ದೋಷ ಇನ್ನೊಂದಿಲ್ಲ. ಆಮೇಲೆ ಸ್ಕೋಪ್ ಮೌಂಟ್. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಟ್ಯೂಬಿನ ತುದಿಗೆ ಬಡಿದಾಗ ಮುಂದಕ್ಕೂ ಎಳೆಯುತ್ತದೆ. ಅದಕ್ಕೇ ಸಾದಾ ಸ್ಕೋಪುಗಳು ಬೇಗ ಕೆಡುತ್ತವೆ, ಮೌಂಟ್ ಜಾರುತ್ತದೆ. ಮೌಂಟ್ ಕೂರುವ ಹಳಿಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಇಪ್ಪತ್ತು ಗುಂಡು ಹೊಡೆದು ನೋಡಿ. ಗೆರೆಯಿಂದ ಜರುಗಿದ್ದರೆ ದೋಷ ಸಿಕ್ಕಿತು.

ಬ್ಯಾರಲ್ ಸ್ವಚ್ಛ ಮಾಡಿ. ನಮ್ಮ ಕಡೆ ಇದಕ್ಕೆ ಇನ್ನೂ ಒಂದು ಕಾರಣ ಇದೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಮನೆಗಳಲ್ಲಿ ಕೆಂಪು ಧೂಳು ಎಲ್ಲಿಗೂ ನುಗ್ಗುತ್ತದೆ. ಗುಂಡಿನ ಡಬ್ಬಿ ಮುಚ್ಚಳ ತೆರೆದಿಟ್ಟರೆ ಸಾಕು, ಧೂಳು ಸೀಸದ ಗುಂಡಿಗೆ ಅಂಟಿ ಬ್ಯಾರಲ್ ಒಳಗೆ ಹೋಗುತ್ತದೆ. ಬ್ಯಾರಲಿನ ಹಿಂತುದಿಯಲ್ಲಿ ಗುಂಡು ತುಂಬುವ ಜಾಗವೇ ಬ್ರೀಚ್, ಅಲ್ಲಿ ಗಾಳಿ ಸೋರದಂತೆ ತಡೆಯುವ ಬ್ರೀಚ್ ಸೀಲಿನ ಮೇಲೂ ಧೂಳು ಕೂರುತ್ತದೆ. ಒಣ ಬಟ್ಟೆ ತುಂಡನ್ನು ಬ್ರೀಚ್ ಕಡೆಯಿಂದ ಎಳೆದು, ಕಪ್ಪು ಬರುವುದು ನಿಲ್ಲುವವರೆಗೆ ಮಾಡಿ.

ಗುಂಡನ್ನೂ ಬದಲಿಸಿ ನೋಡಿ. ಅಗ್ಗದ ಡಬ್ಬಿಯಲ್ಲಿ ಸ್ಕರ್ಟ್, ಅಂದರೆ ಗುಂಡಿನ ಹಿಂದಿನ ಅಂಚು, ಸೊಟ್ಟಗಾದವು ಬಹಳ ಇರುತ್ತವೆ. ಹತ್ತು ಗುಂಡು ತೆಗೆದುಕೊಂಡು ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿಸಿ. 10 ಮೀಟರ್ ಸ್ಪರ್ಧೆಗೆ ಬಳಸುವ ಗುಂಡು ಅರ್ಧ ಗ್ರಾಂ ಆಸುಪಾಸಿನಲ್ಲಿ ಇರುತ್ತದೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ. ಒಳ್ಳೆಯ ಡಬ್ಬಿಯ ಮೇಲೆ ತಲೆಯ ಅಳತೆಯೂ ಇರುತ್ತದೆ, 4.49, 4.50, 4.51 ಹೀಗೆ. ಜರ್ಮನಿಯ ಹೆಸರು ಹೊತ್ತ ಡಬ್ಬಿಯಲ್ಲಿ ತೂಕ ಮನಸ್ಸಿಗೆ ಬಂದಂತೆ ಇದ್ದರೆ, ಆ ಡಬ್ಬಿ ಕೊಟ್ಟವರ ಹತ್ತಿರ ಸ್ಪ್ರಿಂಗ್ ಕೊಳ್ಳುವ ಯೋಚನೆಯನ್ನೂ ಬಿಡಿ.

ಇಷ್ಟರಲ್ಲೇ ಅರ್ಧ ಜನರ ರೈಫಲ್ ಸರಿಹೋಗುತ್ತದೆ. ಸುಮ್ನೆ ಸ್ಪೇರಿಗೆ ದುಡ್ಡು ಹಾಕುವುದು ತಪ್ಪುತ್ತದೆ.

ಶಕ್ತಿ ಕಡಿಮೆಯಾಗಿದ್ದರೆ

ಬ್ರೀಚ್ ಸೀಲ್ ಪರೀಕ್ಷೆ ಸುಲಭ. ಟಿಶ್ಯೂ ಪೇಪರಿನ ಒಂದು ಸಣ್ಣ ಚೂರನ್ನು ಬ್ರೀಚ್ ಕೂಡುವ ಜಾಗದ ಮೇಲೆ ಇಡಿ. ಗುಂಡು ತುಂಬಿ, ಗುಂಡು ತಡೆಯುವ ಪೆಟ್ಟಿಗೆಗೆ ಹೊಡೆಯಿರಿ. ಚೂರು ಹಾರಿದರೆ ಗಾಳಿ ಅಲ್ಲಿಂದ ಸೋರುತ್ತಿದೆ. ಗುಂಡಿಲ್ಲದೆ ಮಾತ್ರ ಹೊಡೆಯಬೇಡಿ. ಸ್ಪ್ರಿಂಗ್ ರೈಫಲಿನಲ್ಲಿ ಗುಂಡಿನ ತಡೆ ಇಲ್ಲದಿದ್ದರೆ ಪಿಸ್ಟನ್ ನೇರವಾಗಿ ಟ್ಯೂಬಿನ ತುದಿಗೆ ಬಡಿಯುತ್ತದೆ, ಸೀಲ್ ಹೋಗುತ್ತದೆ, ಸ್ಪ್ರಿಂಗ್ ಮುರಿಯುತ್ತದೆ.

ವೇಗ ಅಳೆಯುವ ಕ್ರೋನೋಗ್ರಾಫ್ ಯಾರ ಹತ್ತಿರವಾದರೂ ಇದ್ದರೆ ತನ್ನಿ. ಹತ್ತು ಗುಂಡು ಹೊಡೆದು ಎಲ್ಲವನ್ನೂ ಬರೆದುಕೊಳ್ಳಿ. ಹತ್ತೂ ಕಡಿಮೆ, ಆದರೆ ಒಂದಕ್ಕೊಂದು ಹತ್ತಿರ ಇವೆ ಅಂದರೆ ಸ್ಪ್ರಿಂಗ್ ಸೋತಿರುವ ಸಾಧ್ಯತೆ ಜಾಸ್ತಿ. ಒಂದು ಮೇಲೆ ಒಂದು ಕೆಳಗೆ ಅಂತ ಓಡಾಡುತ್ತಿದ್ದರೆ ಪಿಸ್ಟನ್ ಸೀಲ್ ಅಥವಾ ಬ್ರೀಚ್ ಸೀಲ್ ನೋಡಿ. ಮೊದಲ ಕೆಲವು ಗುಂಡು ವಿಪರೀತ ಜೋರು, ಪಟಾಕಿಯಂಥ ಸದ್ದು, ಬ್ಯಾರಲಿನಿಂದ ಹೊಗೆ ಬಂದರೆ ಒಳಗೆ ಎಣ್ಣೆ ಉರಿಯುತ್ತಿದೆ. ಇದಕ್ಕೆ ಡೀಸಲಿಂಗ್ ಅಂತಾರೆ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬಿಸಿ ಏರಿ ಎಣ್ಣೆಯ ಆವಿ ಹೊತ್ತಿಕೊಳ್ಳುತ್ತದೆ, ಹೊಸ ಸೀಲನ್ನೂ ಸುಟ್ಟು ಹಾಕುತ್ತದೆ. ಜೀನ್ಸ್ ಹೊಲಿಯುವ ಊರು ನಮ್ಮದು, ಹೊಲಿಗೆ ಮೆಷಿನ್ ಎಣ್ಣೆ ಸುಲಭವಾಗಿ ಕೈಗೆ ಸಿಗುತ್ತದೆ. ಅದನ್ನು ಪಿಸ್ಟನ್ ಗಾಳಿ ಒತ್ತುವ ಕಂಪ್ರೆಷನ್ ಚೇಂಬರಿಗೆ ಬಿಡಬೇಡಿ. ಸಿಂಥೆಟಿಕ್ ಸೀಲ್ ಇರುವ ರೈಫಲಿಗೆ ಪೆಟ್ರೋಲಿಯಂ ಎಣ್ಣೆ ಯಾವುದೂ ಬೇಡ.

ಹಳೆಯ ಐಎಚ್‌ಪಿ ಕಂಪನಿಯ ಥರದ ರೈಫಲ್‌ಗಳಲ್ಲಿ ಚರ್ಮದ ವಾಷರ್ ಇದ್ದರೆ ಲೆಕ್ಕ ಬೇರೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಟ್ಟದ ಮೇಲೆ ಇಟ್ಟ ರೈಫಲಿನ ಚರ್ಮ ಒಣಗಿ ಕುಗ್ಗಿರುತ್ತದೆ, ಗಾಳಿ ಹಿಡಿಯುವುದಿಲ್ಲ. ವಾಷರ್ ಹೋಗಿದೆ ಅಂತ ಹೊಸದು ತರಿಸುವ ಮೊದಲು, ಚರ್ಮಕ್ಕೆ ಹಾಕುವ ಎಣ್ಣೆ ಕೆಲವೇ ಹನಿ ಗಾಳಿ ಬರುವ ತೂತಿಗೆ ಬಿಟ್ಟು, ರಾತ್ರಿಯಿಡೀ ಬಾಯಿ ಮೇಲಾಗಿ ನಿಲ್ಲಿಸಿ ನೋಡಿ. ಎಷ್ಟೋ ಸಲ ಜೀವ ಬರುತ್ತದೆ. ಹನಿ ಜಾಸ್ತಿಯಾದರೆ ಅಲ್ಲೂ ಹೊಗೆ ಬಂದೇ ಬರುತ್ತದೆ.

ಬಿಚ್ಚಲೇಬೇಕು ಅಂತಾದರೆ ಒಂದು ಎಚ್ಚರಿಕೆ. ಒಳಗಿನ ಸ್ಪ್ರಿಂಗ್ ಕಾಕ್ ಮಾಡದೆ, ಅಂದರೆ ಬ್ಯಾರಲ್ ಮಡಚಿ ಹೊಡೆಯಲು ಸಿದ್ಧ ಮಾಡದೆ, ಇದ್ದಾಗಲೂ ಒತ್ತಡದಲ್ಲೇ ಇರುತ್ತದೆ. ಹಿಂದಿನ ಬಿರಡೆಯನ್ನು ಕೈಯಲ್ಲಿ ಬಿಚ್ಚಿದರೆ ಹಾರಿ ಮುಖಕ್ಕೆ ಬಡಿಯುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮುಟ್ಟಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಯಲ್ಲಿ ಬಿಚ್ಚಿಸಿ.

ಹೊಸ ಭಾಗ ಹಾಕಿದ ಮೇಲೆ ಕೆಟ್ಟಿತಾ?

ಮಾರಿದವರ ಗುಣ ಗೊತ್ತಾಗುವುದು ಇಲ್ಲೇ.

ನಮ್ಮ ಗೆಳೆಯರೊಬ್ಬರು ಆನ್‌ಲೈನಿನಲ್ಲಿ ಒಬ್ಬರಿಂದ ಸ್ಪ್ರಿಂಗ್ ತರಿಸಿದರು. ಹಾಕಿದ ಮೇಲೆ ಬ್ಯಾರಲ್ ಮಡಚಿದರೆ ಕೊನೆಗೆ ಸ್ವಲ್ಪ ಮೊದಲೇ ಗಟ್ಟಿಯಾಗಿ ನಿಲ್ಲುತ್ತಿತ್ತು, ಟ್ರಿಗರ್ ಹಿಡಿಯುತ್ತಿರಲಿಲ್ಲ. ಟ್ರಿಗರ್ ಸವೆದಿದೆ, ಅದನ್ನೂ ಬದಲಿಸಿ ಅಂತ ಮಾರಿದವರು ಫೋನಿನಲ್ಲೇ ತೀರ್ಪು ಕೊಟ್ಟರು, ಟ್ರಿಗರ್ ಸೆಟ್ಟಿನ ಬೆಲೆಯನ್ನೂ ಹೇಳಿದರು. ಟ್ರಿಗರಿನಲ್ಲಿ ಏನೂ ಆಗಿರಲಿಲ್ಲ. ಸ್ಪ್ರಿಂಗಿನ ಸುತ್ತು ಜಾಸ್ತಿ ಇತ್ತು, ಅಷ್ಟೇ.

ಲೆಕ್ಕ ಹೀಗೆ. ತಂತಿಯ ದಪ್ಪವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿ. 3 ಮಿ.ಮೀ. ತಂತಿ, 36 ಸುತ್ತು ಅಂದರೆ 108 ಮಿ.ಮೀ. ಇದಕ್ಕಿಂತ ಚಿಕ್ಕದಾಗಿ ಆ ಸ್ಪ್ರಿಂಗನ್ನು ಯಾರೂ ಒತ್ತಲಾರರು, ಒಂದು ಸುತ್ತು ಇನ್ನೊಂದಕ್ಕೆ ತಾಗಿರುತ್ತದೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ನಿಮ್ಮ ರೈಫಲಿನಲ್ಲಿ ಸ್ಪ್ರಿಂಗಿಗೆ 104 ಮಿ.ಮೀ. ಜಾಗ ಮಾತ್ರ ಇದ್ದರೆ ಪಿಸ್ಟನ್ ಟ್ರಿಗರಿನ ಕೊಕ್ಕೆವರೆಗೆ ಬರುವುದೇ ಇಲ್ಲ. ಜೋರು ಹಾಕಿ ಮಡಚಿದರೆ ಬ್ಯಾರಲಿನಿಂದ ಪಿಸ್ಟನ್ನನ್ನು ಎಳೆಯುವ ಲಿಂಕೇಜ್ ಬಾಗುತ್ತದೆ. ಹಾಗಾಗಿ ಬ್ಯಾರಲ್ ಗಟ್ಟಿಯಾಗಿ ನಿಂತುಬಿಟ್ಟರೆ, ಒತ್ತಬೇಡಿ, ಮೊದಲು ಈ ಗುಣಾಕಾರ ಮಾಡಿ.

ಹೊಸ ಸೀಲ್ ಹಾಕಿದ ಮೇಲೆ ವೇಗ ಮೊದಲಿಗಿಂತ ಇಳಿದಿದ್ದರೆ ಸೀಲ್ ತೀರಾ ಬಿಗಿ ಇರಬಹುದು. ಟ್ಯೂಬಿನೊಳಗೆ ಬರೀ ಪಿಸ್ಟನ್ನನ್ನು ಕೈಯಿಂದ ತಳ್ಳಿ ನೋಡಿ. ಸಮವಾಗಿ, ಸ್ವಲ್ಪ ತಡೆಯೊಂದಿಗೆ ಜಾರಬೇಕು. ಸುತ್ತಿಗೆ ಬೇಕು ಅನ್ನಿಸಿದರೆ ಬಿಗಿ, ಬಗ್ಗಿಸಿದ ಕೂಡಲೇ ತಾನಾಗಿ ಬಿದ್ದರೆ ಸಡಿಲ. ಟ್ಯೂಬಿನ ಒಳಗಿನ ಅಳತೆ ಕೆಲವದರಲ್ಲಿ 25 ಮಿ.ಮೀ., ಕೆಲವದರಲ್ಲಿ 28. ಮಾಡೆಲ್ ಹೆಸರು ಒಂದೇ ಇದ್ದರೂ ನಂಬಬೇಡಿ. ಜರ್ಮನಿಯ ಡಯಾನಾ ಕಂಪನಿಯ 34 ಮಾಡೆಲ್ಲನ್ನೇ ನೋಡಿ, ಟಿ05 ಟ್ರಿಗರಿನದು ಬೇರೆ, ಟಿ06ದು ಬೇರೆ, ಎರಡರ ಪಿಸ್ಟನ್ ಅದಲುಬದಲಾಗುವುದಿಲ್ಲ. ಡಯಾನಾ 34ಕ್ಕೆ ಬೇಕು ಅಂದ ಕೂಡಲೇ ಯಾವ ಟ್ರಿಗರ್ ಅಂತ ಕೇಳದೆ ರೇಟ್ ಹೇಳುವವರಿಗೆ ತಾವು ಮಾರುವುದು ಏನು ಅನ್ನುವುದೇ ಗೊತ್ತಿಲ್ಲ.

ಹೊಸ ಸ್ಪ್ರಿಂಗ್ ಮೊದಲ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಬೇಗ ಸೋತರೆ, ಹೊರಗೆ ತೆಗೆದು ಉದ್ದ ಅಳೆಯಿರಿ. ಎಲ್ಲ ಸ್ಪ್ರಿಂಗೂ ಮೊದಲು ಸ್ವಲ್ಪ ಕುಗ್ಗುತ್ತದೆ. ಒಳ್ಳೆಯ ತಯಾರಕರು ಮೊದಲೇ ಪೂರ್ತಿ ಒತ್ತಿ ಆ ಕುಗ್ಗುವಿಕೆಯನ್ನು ಮುಗಿಸಿಯೇ ಕಳಿಸುತ್ತಾರೆ. ಗೊತ್ತಿಲ್ಲದ ತಂತಿಯಲ್ಲಿ ಸುತ್ತಿದ್ದಾದರೆ ಕುಗ್ಗುತ್ತಲೇ ಹೋಗುತ್ತದೆ. ಗಾಜಿನ ಮೇಲೆ ಉರುಳಿಸಿಯೂ ನೋಡಿ. ಕುಂಟುತ್ತಾ ಉರುಳಿದರೆ ಬಾಗಿದೆ, ಹೊಡೆದಾಗ ಟ್ವಂಯ್ ಅಂತ ಸದ್ದು ಬರುವುದು ಅದರಿಂದಲೂ ಇರಬಹುದು, ಸ್ಪ್ರಿಂಗನ್ನು ನೇರ ಹಿಡಿಯುವ ಗೈಡ್ ಸಡಿಲ ಇರುವುದರಿಂದಲೂ ಇರಬಹುದು. ಕಾಕ್ ಮಾಡಿ ಗಂಟೆಗಟ್ಟಲೆ ಬಿಡುವ ಅಭ್ಯಾಸ ನಿಮಗಿದ್ದರೆ ಮಾತ್ರ ಮಾರಿದವರನ್ನು ದೂರಬೇಡಿ.

ಮಾರುವವರನ್ನು ಪರೀಕ್ಷೆ ಮಾಡುವುದು

ರೈಫಲಿಗೆ ಮಾಡಿದ ಹಾಗೆ ಇವರಿಗೂ ಪರೀಕ್ಷೆ ಮಾಡಬೇಕು, ಅದೂ ದುಡ್ಡು ಕಳಿಸುವ ಮೊದಲು.

ಫೋನ್ ಮಾಡಿ. ಸ್ಪ್ರಿಂಗ್ ಬೇಕು ಅನ್ನಿ, ಆಮೇಲೆ ಸುಮ್ಮನಿರಿ. ಒಳ್ಳೆಯವರಾದರೆ ಪ್ರಶ್ನೆ ಅವರ ಕಡೆಯಿಂದ ಬರುತ್ತದೆ. “ಸರ್, ಯಾವ ಕಂಪನಿ, ಯಾವ ಮಾಡೆಲ್? ಸೀರಿಯಲ್ ನಂಬರಿನ ಫೋಟೋ ಹಾಕಿ. ಹಳೆ ಸ್ಪ್ರಿಂಗ್ ಇದೆಯಾ? ವರ್ನಿಯರಿನಲ್ಲಿ ತಂತಿ ಎಷ್ಟು ದಪ್ಪ ಬರುತ್ತೆ ನೋಡಿ ಹೇಳಿ.” ಹೀಗೆ ಕೇಳುವವರು ಸಿಕ್ಕರೆ ನೂರು ರೂಪಾಯಿ ಜಾಸ್ತಿ ಆದರೂ ಅವರನ್ನೇ ಹಿಡಿದುಕೊಳ್ಳಿ. “ಎಲ್ಲದಕ್ಕೂ ಹೊಂದುತ್ತೆ ಬ್ರದರ್, ಕಳಿಸಿಬಿಡ್ತೀನಿ” ಅಂದರೆ ಫೋನ್ ಇಡಿ.

ಈಗ ನಿಮ್ಮ ಸರದಿ. ಸ್ಪ್ರಿಂಗ್ ಅಂದರೆ ಐದು ಅಳತೆ ಕೇಳಿ: ತಂತಿಯ ದಪ್ಪ, ಹೊರಗಿನ ಅಗಲ, ಒಳಗಿನ ಅಗಲ, ಸುತ್ತು ಎಷ್ಟು, ಬಿಡುವಾಗಿದ್ದಾಗ ಉದ್ದ ಎಷ್ಟು. ಸೀಲ್ ಅಂದರೆ ತುಟಿಯ ಹತ್ತಿರದ ಅಳತೆ, ಯಾವ ವಸ್ತು, ಪಿಸ್ಟನ್ನಿಗೆ ಹೇಗೆ ಕೂರುತ್ತದೆ. ವರ್ನಿಯರ್ ಇಟ್ಟ ಫೋಟೋ ಕೇಳಿ. ಕೈಯಲ್ಲಿ ಮಾಲು ಇರುವವರಿಗೆ ಇದು ಐದು ನಿಮಿಷದ ಕೆಲಸ. ಬೇರೆಯವರ ಚಿತ್ರ ಎತ್ತಿ ಹಾಕಿ, ಆರ್ಡರ್ ಬಂದ ಮೇಲೆ ಎಲ್ಲಿಂದಲೋ ತರಿಸಿ ಕೊಡುವವರಿಗೆ ಇದು ಸಾಧ್ಯವೇ ಇಲ್ಲ. ನಾಳೆ ಕಳಿಸುತ್ತೇನೆ ಅನ್ನುತ್ತಾರೆ, ನಾಡಿದ್ದೂ ಅದನ್ನೇ ಅನ್ನುತ್ತಾರೆ.

ಒರಿಜಿನಲ್ ಅನ್ನುವ ಮಾತಿಗೂ ಒಂದು ಪ್ರಶ್ನೆ ಇದೆ. ತಯಾರಕರ ಪಾರ್ಟ್ ನಂಬರ್ ಏನು? ಅದನ್ನು ತಯಾರಕರ ಬಿಡಿಭಾಗಗಳ ಚಿತ್ರದ ಜೊತೆ ಹೋಲಿಸಿ. ಭಾರತದಲ್ಲೇ ತಯಾರಾದ ರೈಫಲ್ ಆದರೆ ನೇರವಾಗಿ ತಯಾರಕರಿಗೇ ಫೋನ್ ಮಾಡಿ, ಈ ಅಂಗಡಿ ನಿಮ್ಮ ಡೀಲರಾ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಲೋಕಲ್ ಮಾಲೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇದು ನಮ್ಮಲ್ಲೇ ಮಾಡಿದ್ದು, ಅಳತೆ ಇಷ್ಟು, ಹೊಂದದಿದ್ದರೆ ವಾಪಸ್ ಕಳಿಸಿ ಅಂತ ಬಾಯಿಬಿಟ್ಟು ಹೇಳುವವರ ಹತ್ತಿರ ಧೈರ್ಯವಾಗಿ ಕೊಳ್ಳಬಹುದು. ಲೋಕಲ್ ಮಾಲನ್ನು ವಿದೇಶಿ ಪೊಟ್ಟಣಕ್ಕೆ ಹಾಕಿ ಮೂರು ಪಟ್ಟು ಬೆಲೆಗೆ ಮಾರುವವರ ಹತ್ತಿರ ಹೋಗಬೇಡಿ.

ಕೆಲವು ಮಾತು ಕೇಳಿದ ತಕ್ಷಣ ದೂರ ಸರಿಯಿರಿ. “ಪವರ್ ಸ್ಪ್ರಿಂಗ್ ಹಾಕಿ ಸರ್, ಸಾವಿರ ಅಡಿ ದಾಟುತ್ತೆ, ಲೈಸೆನ್ಸ್ ಏನೂ ಬೇಡ” ಅನ್ನುವುದು ಅದರಲ್ಲಿ ಮೊದಲನೆಯದು. ಆರ್ಮ್ಸ್ ರೂಲ್ಸ್ 2016ರ ಪ್ರಕಾರ ಲೈಸೆನ್ಸ್ ಬೇಡದ ಏರ್ ರೈಫಲಿಗೆ ಎರಡು ಮಿತಿ ಇವೆ. ಬೋರ್ 0.177 ಇಂಚು ದಾಟಬಾರದು, ಶಕ್ತಿ 20 ಜೂಲ್ ದಾಟಬಾರದು. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 280 ಮೀಟರ್ ವೇಗದಲ್ಲಿ ಹೋದರೆ 19.6 ಜೂಲ್ ಆಗುತ್ತದೆ. ಅವರು ಹೇಳುವ ಸಾವಿರ ಅಡಿ ಅಂದರೆ ಸೆಕೆಂಡಿಗೆ ಸುಮಾರು 305 ಮೀಟರ್, ಅದೇ ಗುಂಡಿಗೆ 23 ಜೂಲ್ ದಾಟಿತು. ಮಾರಿದವರು ದುಡ್ಡು ತಗೊಂಡು ಸುಮ್ಮನಾಗುತ್ತಾರೆ, ಪೊಲೀಸರು ಬರುವುದು ನಿಮ್ಮ ಮನೆಗೆ. 0.22 ಬೋರಿನ ಬ್ಯಾರಲ್ ಕೊಡುತ್ತೇವೆ ಅನ್ನುವವರದ್ದೂ ಇದೇ ಹಣೆಬರಹ.

ಎರಡನೆಯದು, ಹಂದಿಗೆ, ಮೊಲಕ್ಕೆ, ನವಿಲಿಗೆ ಆಗುತ್ತೆ ಅಂತ ಮಾರುವವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್ ರೈಫಲ್ ಅಂತ ಯಾರನ್ನೂ ಬಿಡುವುದಿಲ್ಲ. ದರೋಜಿ ಕರಡಿಧಾಮ ಪಕ್ಕದಲ್ಲೇ ಇರುವ ಜಿಲ್ಲೆ ನಮ್ಮದು, ಇದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಟೆಯ ಆಸೆ ತೋರಿಸಿ ಮಾರುವವರು ಸ್ಪ್ರಿಂಗಿನ ಅಳತೆಯಲ್ಲಿ ಮಾತ್ರ ಸತ್ಯ ಹೇಳುತ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ಇನ್ನು ಅಭಿಪ್ರಾಯ ಕೇಳುವುದು. ಸ್ಟಾರ್ ಲೆಕ್ಕ ನೋಡಿ ಮೋಸಹೋಗಬೇಡಿ. 10 ಮೀಟರ್ ಅಭ್ಯಾಸ ಮಾಡುವವರನ್ನು, ರೈಫಲ್ ಅಸೋಸಿಯೇಷನ್ನಿನ ಸದಸ್ಯರನ್ನು ಕೇಳಿ. ಹೊಂದದ ಭಾಗವನ್ನು ವಾಪಸ್ ಕಳಿಸಿದಾಗ ಇವರು ಹೇಗೆ ನಡೆದುಕೊಂಡರು ಅಂತ ಕೇಳಿ. ಮಾರುವಾಗ ಎಲ್ಲರೂ ಚೆನ್ನಾಗೇ ಮಾತಾಡುತ್ತಾರೆ, ಅಲ್ವಾ?

ಓ-ರಿಂಗ್ ನಮ್ಮ ಊರಲ್ಲೇ ಸಿಗುತ್ತದೆ, ಆದರೆ

ಗಣಿ ಟಿಪ್ಪರ್, ಜೆಸಿಬಿ, ಬೋರ್‌ವೆಲ್ ಗಾಡಿಗಳಿಂದಾಗಿ ಬಳ್ಳಾರಿ, ಹೊಸಪೇಟೆಯಲ್ಲಿ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗಳಿವೆ. ಬ್ರೀಚ್ ಸೀಲ್ ಸಾದಾ ಓ-ರಿಂಗ್ ಆಗಿದ್ದರೆ ಅಲ್ಲೇ ನೋಡಿ. ಹಳೆಯದನ್ನು ತೆಗೆದುಕೊಂಡು ಹೋಗಿ, “ಅಣ್ಣಾ, ಇದೇ ಅಳತೆ ಬೇಕು” ಅನ್ನಿ. ಒಳಗಿನ ಅಗಲ, ರಬ್ಬರಿನ ದಪ್ಪ ಎರಡೂ ಸರಿ ಇರಬೇಕು. ಹಳೆಯದು ಚಪ್ಪಟೆ ಆಗಿರುತ್ತದೆ, ಅದಕ್ಕೆ ರಿಂಗ್ ಕೂರುವ ತೋಡಿನ ಆಳವನ್ನೂ ಅಳೆದುಕೊಂಡು ಹೋಗಿ. ಗಟ್ಟಿತನ ಕೇಳಿ: 70 ಶೋರ್ ಮೆತ್ತಗೆ, 90 ಶೋರ್ ಗಟ್ಟಿ. ಕೆಲವೇ ರೂಪಾಯಿಯ ಮಾಲು, ಎರಡೂ ತಂದು ಟಿಶ್ಯೂ ಪರೀಕ್ಷೆ ಮಾಡಿ ನೋಡಬಹುದು.

200 ಬಾರ್ ಗಾಳಿ ಹಿಡಿದಿಡುವ ಪಿಸಿಪಿ ರೈಫಲಿಗೆ ಮಾತ್ರ ಈ ಪ್ರಯೋಗ ಬೇಡ. ಸಿಲಿಂಡರ್, ಒತ್ತಡ ಸಮವಾಗಿಡುವ ರೆಗ್ಯುಲೇಟರಿಗೆ ತಯಾರಕರ ಸೀಲ್ ಕಿಟ್ಟೇ ಹಾಕಿ. ಗಾಳಿ ಇಳಿಯುತ್ತಿದ್ದರೆ, ಬಿಚ್ಚಿ ತೆಗೆಯಲೆಂದೇ ಮಾಡಿದ ಸಿಲಿಂಡರ್ ಆದರೆ ಅದನ್ನು ರೈಫಲಿನಿಂದ ಬಿಚ್ಚಿ ಒಂದು ರಾತ್ರಿ ಇಡಿ. ಬಿಚ್ಚಿಟ್ಟಾಗಲೂ ಒತ್ತಡ ಇಳಿದರೆ ಸೋರಿಕೆ ಸಿಲಿಂಡರಿನದ್ದು, ಇಳಿಯದಿದ್ದರೆ ರೈಫಲಿನ ಒಳಗಿನದ್ದು. ಇಡುವುದು ನೆರಳಲ್ಲಿ. 25 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು, ಬಿಸಿಲಿಗೆ ನಿಂತ ಕಾರಿನೊಳಗೆ 60 ಡಿಗ್ರಿ ಮುಟ್ಟಿದರೆ 220 ದಾಟುತ್ತದೆ. ಅಂಥ ಸಿಲಿಂಡರ್ ಬಿಟ್ಟರೆ, ಒತ್ತಡ ಇರುವಾಗ ಬೇರೆ ಯಾವ ಜೋಡಣೆಯನ್ನೂ ಬಿಚ್ಚಬೇಡಿ.

ಸೆಕೆಂಡ್ ಹ್ಯಾಂಡ್ ಸಿಲಿಂಡರ್ ಮಾರುವವರಿಗೆ ಕೇಳಬೇಕಾದ್ದು ಒಂದೇ, ಮೇಲೆ ಅಚ್ಚಾದ ತಾರೀಖಿನ ಫೋಟೋ. ಸ್ಪರ್ಧೆಯ ರೈಫಲ್‌ಗಳ ತಯಾರಕರು ಸಿಲಿಂಡರಿಗೆ ಸಾಮಾನ್ಯವಾಗಿ 10 ವರ್ಷದ ಬಾಳಿಕೆ ಹೇಳುತ್ತಾರೆ. ಅವಧಿ ಮುಗಿದಿಲ್ಲ ಅಂತ ನೋಡಿಕೊಳ್ಳುವ ಹೊಣೆ ಶೂಟರದ್ದೇ ಅಂತ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮವೂ ಇದೆ. ತಾರೀಖು ಅಳಿಸಿದ್ದರೆ, ಅದರ ಮೇಲೆ ಬಣ್ಣ ಹೊಡೆದಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ಆಕ್ಸಿಜನ್ ತುಂಬಿಸಿಕೊಳ್ಳಿ ಪರವಾಗಿಲ್ಲ ಅನ್ನುವವರ ಅಂಗಡಿಯೊಳಗೆ ನಿಲ್ಲಲೂಬೇಡಿ. ಒಳಗಿನ ಎಣ್ಣೆ, ಗ್ರೀಸಿಗೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟ ಆಗುತ್ತದೆ.

ಲೈಸೆನ್ಸ್ ಇರುವ ರೈಫಲ್ ಆದರೆ

ಇಲ್ಲಿ ಆಯ್ಕೆಯೇ ಇಲ್ಲ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಅಂದರೆ ಅದರ ಭಾಗಗಳೂ ಸೇರುತ್ತವೆ, ಮಾರುವುದಕ್ಕೂ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಲೈಸೆನ್ಸ್ ಹಿಡಿದುಕೊಂಡು ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ಹೋಗಿ, ಬಿಲ್ ತೆಗೆದುಕೊಳ್ಳಿ. ಕೊರಿಯರಿನಲ್ಲಿ ಬೋಲ್ಟ್ ಕಳಿಸುತ್ತೇನೆ, ಬ್ಯಾರಲ್ ಕಳಿಸುತ್ತೇನೆ ಅನ್ನುವವರಿಗೆ ಉತ್ತರವನ್ನೂ ಕೊಡಬೇಡಿ.

ದುಡ್ಡು, ಬಿಲ್, ದೂರು

ಅಂಗಡಿ ಹೆಸರು ಒಂದು, ಯುಪಿಐಯಲ್ಲಿ ಬರುವ ಹೆಸರು ಇನ್ನೊಂದು ಇದ್ದರೆ ಕೇಳಿ ತಿಳಿದುಕೊಂಡೇ ಕಳಿಸಿ. ಜಿಎಸ್‌ಟಿ ಬಿಲ್ ಕೊಡುತ್ತೀರಾ ಅಂತ ಮೊದಲೇ ಕೇಳಿ, ಬಿಲ್ಲಿನಲ್ಲಿ ಮಾಡೆಲ್ ಮತ್ತು ಪಾರ್ಟ್ ನಂಬರ್ ಬರೆಸಿ. ಬರೀ “ಸ್ಪೇರ್ ಪಾರ್ಟ್” ಅಂತ ಇದ್ದರೆ ಆಮೇಲೆ ಜಗಳಕ್ಕೆ ಆಧಾರ ಸಿಗುವುದಿಲ್ಲ. ಮಾತಾಡಿದ ಅಳತೆಗಳು ಮೆಸೇಜಿನಲ್ಲಿ ಬರಹದಲ್ಲಿ ಇರಲಿ. ಪೊಟ್ಟಣ ಬಿಚ್ಚುವಾಗ ಕತ್ತರಿಸದ ವಿಡಿಯೋ ಮಾಡಿ, ಅದರಲ್ಲೇ ವರ್ನಿಯರ್ ಇಟ್ಟು ಅಳತೆ ತೋರಿಸಿ. ಅಳತೆ ತಪ್ಪಿದ್ದರೆ ರೈಫಲಿಗೆ ಹಾಕಲೇಬೇಡಿ. ಹಾಕಿದ ಗುರುತು ಬಿದ್ದರೆ ವಾಪಸ್ ತಗೊಳ್ಳುವುದಿಲ್ಲ.

ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೂರು ಅಧಿಕಾರಿಯ ಹೆಸರು, ಫೋನ್ ನಂಬರ್ ತೋರಿಸಿರಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗಲಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್, ಮೆಸೇಜ್, ವಿಡಿಯೋ ಮೂರನ್ನೂ ಜೊತೆಗಿಟ್ಟುಕೊಂಡು ದೂರು ಬರೆಸಿ.

ಹೊಸ ಭಾಗ ಸರಿಯಾಗಿ ಕೂತ ಮೇಲೂ ಹಳೆಯದನ್ನು ಎಸೆಯಬೇಡಿ. ಒಂದು ಪೊಟ್ಟಣಕ್ಕೆ ಹಾಕಿ, ಮೇಲೆ ಮಾಡೆಲ್, ಅಳತೆ, ತಾರೀಖು, ಹೊಸದನ್ನು ಕೊಟ್ಟವರ ಹೆಸರು ಬರೆದಿಡಿ. ಹೊಸದು ಹಾಕಿದ ದಿನದ ಹತ್ತು ಗುಂಡಿನ ವೇಗವನ್ನೂ ಅದರಲ್ಲೇ ಬರೆಯಿರಿ, ಮುಂದಿನ ಸಲ ಹೋಲಿಸಲು ಅದೇ ಬೇಕಾಗುತ್ತದೆ.